ಅಂಗೈಯಗಲದ ನಾಯಿಮರಿಗೆ ರಕ್ತದ ಸಕ್ಕರೆ ಇಳಿದಾಗ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಿಮ್ಮ ಕೈಯಲ್ಲಿರುವ ಮರಿ ಈ ಕ್ಷಣ ತಣ್ಣಗಾಗಿ, ಕತ್ತು ಜೋತುಬಿದ್ದು ಮಲಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಒಂದು ಚಮಚ ಗ್ಲೂಕೋಸ್ ಪುಡಿಯನ್ನು ಎರಡು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ಬೆರಳ ತುದಿಯನ್ನು ಅದರಲ್ಲಿ ಅದ್ದಿ, ಮರಿಯ ಮೇಲ್ದುಟಿ ಎತ್ತಿ ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಪಶುವೈದ್ಯರಿಗೆ ಫೋನ್ ಮಾಡಲು ಹೇಳಿ. ಐದು ನಿಮಿಷಕ್ಕೊಮ್ಮೆ ಮತ್ತೆ ಸವರುತ್ತಾ ಆಸ್ಪತ್ರೆಯ ಕಡೆ ಹೊರಡಿ.

ಇದನ್ನು ಎಲ್ಲಕ್ಕಿಂತ ಮೊದಲು ಇಟ್ಟಿರುವುದಕ್ಕೆ ಕಾರಣವಿದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಗೆ ಚುಕ್ಕಿ ಬಂದ ಮೂರನೆಯ ರಾತ್ರಿ ಪುನರ್ವಸು ಮಳೆ ಹೆಂಚಿನ ಮೇಲೆ ಬಿಡದೆ ಸುರಿಯುತ್ತಿತ್ತು. ಪೊಮೇರಿಯನ್ ಹೆಣ್ಣುಮರಿ, ತೂಕ 480 ಗ್ರಾಂ. ಎರಡು ತಿಂಗಳಾಗಿದೆ ಎಂದು ಮಾರಿದವರು ಹೇಳಿದ್ದರು. ಆಮೇಲೆ ಹಲ್ಲು ನೋಡಿದ ವೈದ್ಯರು ಆರು ವಾರ ದಾಟಿರಲಾರದು ಎಂದರು. ರಾತ್ರಿ ಎಂಟಕ್ಕೆ ಹಾಲು ಅನ್ನ ಕಲಸಿಕೊಟ್ಟು ಮಲಗಿಸಿದ್ದೆವು. ಬೆಳಗ್ಗೆ ಐದೂವರೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಎದ್ದ ಅತ್ತೆ ನನ್ನನ್ನು ಕೂಗಿದರು. ಮರಿ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು. ಕಣ್ಣು ತೆರೆದಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಹಿಂಗಾಲು ಮಾತ್ರ ಸೈಕಲ್ ತುಳಿದ ಹಾಗೆ ಆಡುತ್ತಿತ್ತು. ತುಟಿ ಎತ್ತಿ ನೋಡಿದರೆ ವಸಡು ಕೆಸುವಿನ ದಂಟಿನ ಒಳಭಾಗದಂತೆ ಬಿಳಿಚಿಕೊಂಡಿತ್ತು.

ಪಕ್ಕದ ಮನೆಯವರು ಬಂದು ಗಾಳಿ ಸೋಕಿದೆ ಎಂದರು. ಮೂರ್ಛೆ ಬಂದವರ ಕೈಗೆ ಕೊಡುವ ಕಬ್ಬಿಣದ ಕೀಲಿಯನ್ನು ಯಾರೋ ತಂದು ಮರಿಯ ಪಾದಕ್ಕೆ ಒತ್ತಿದರು. ಅತ್ತೆ ಮಾತ್ರ ಅಡುಗೆಮನೆಯಿಂದ ಜೋನಿ ಬೆಲ್ಲದ ಶೀಶೆ ತಂದು, ಬೆರಳಿನಲ್ಲಿ ತೆಗೆದು ಅದರ ವಸಡಿಗೆ ತಿಕ್ಕಿದರು. ನಾಲ್ಕು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಾಲಿಗೆಯ ತುದಿ ಒಂದು ಸಲ ಹೊರಬಂದು ಒಳಗೆ ಹೋಯಿತು. ಹನ್ನೆರಡನೆಯ ನಿಮಿಷಕ್ಕೆ ತಲೆ ಎತ್ತಿತು. ಬದುಕಿಕೊಂಡಿತು ಎಂದು ಎಲ್ಲರೂ ಉಸಿರುಬಿಟ್ಟೆವು, ಪೆಟ್ಟಿಗೆಯಲ್ಲಿ ಮಲಗಿಸಿ ಕೆಲಸಕ್ಕೆ ಹೋದೆವು. ಆರೂವರೆಗೆ ಅದು ಮತ್ತೆ ಹಾಗೆಯೇ ಬಿದ್ದಿತ್ತು.

ಆ ಎರಡನೆಯ ಬೀಳು ನನಗೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಸಡಿಗೆ ಸವರಿದ ಸಿಹಿ ಬರೀ ಕೈಗಡ. ಅದು ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ ಬರುತ್ತದೆ. ಅಷ್ಟರೊಳಗೆ ಬಿಸುಪು, ಹೊಟ್ಟೆಗೆ ಗಟ್ಟಿ ಆಹಾರ, ವೈದ್ಯರ ಕೈ, ಈ ಮೂರೂ ಸಿಗದಿದ್ದರೆ ಮರಿ ಮೊದಲಿಗಿಂತ ಆಳಕ್ಕೆ ಜಾರುತ್ತದೆ. ಒಮ್ಮೆಲೇ ಬಂದ ಸಿಹಿಗೆ ಮೈ ಇನ್ಸುಲಿನ್ ಹರಿಸುತ್ತದೆ. ಸಿಹಿ ತೀರಿದ ಮೇಲೂ ಇನ್ಸುಲಿನ್ ಉಳಿದು ಸಕ್ಕರೆಯನ್ನು ಇನ್ನಷ್ಟು ಕೆಳಗೆ ಎಳೆಯಬಹುದು.

ಏಕೆ ಹೀಗಾಗುತ್ತದೆ

ತಿಂದದ್ದರಲ್ಲಿ ಆ ಹೊತ್ತಿಗೆ ಬೇಡವಾದ ಸಕ್ಕರೆಯನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಊಟವಿಲ್ಲದಾಗ ಅದನ್ನು ಒಡೆದು ರಕ್ತಕ್ಕೆ ಬಿಡುತ್ತದೆ. ನಾವು ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿಕೊಳ್ಳುವ ಹಾಗೆ. ದೊಡ್ಡ ನಾಯಿಯ ಸೌದೆ ಕೊಟ್ಟಿಗೆ ತುಂಬಿರುತ್ತದೆ. ಒಂದು ದಿನ ಊಟ ತಪ್ಪಿದರೂ ಅದರ ಒಲೆ ಆರುವುದಿಲ್ಲ. ಕೂಡಿಟ್ಟದ್ದು ಮುಗಿದರೆ ಮಾಂಸಖಂಡ ಮತ್ತು ಕೊಬ್ಬಿನ ನೆರವಿನಿಂದ ಹೊಸ ಸಕ್ಕರೆಯನ್ನು ತಯಾರಿಸಿಕೊಳ್ಳುವ ಶಕ್ತಿಯೂ ಅದರ ಯಕೃತ್ತಿಗೆ ಇದೆ. ಅರ್ಧ ಕೆ.ಜಿ. ಮರಿಯ ಬಳಿ ಇರುವುದು ಒಂದು ಸಣ್ಣ ಹೊರೆ ಸೌದೆ. ಹೊಸದನ್ನು ತಯಾರಿಸುವ ವಿದ್ಯೆ ಅದರ ಯಕೃತ್ತಿಗೆ ಇನ್ನೂ ಪೂರ್ತಿ ಬಂದಿಲ್ಲ. ಮೈಮೇಲೆ ಕೊಬ್ಬಿಲ್ಲ, ಮಾಂಸಖಂಡವೂ ಅಷ್ಟಕ್ಕಷ್ಟೇ. ಆದರೆ ಮೈಯ ಅಳತೆಗೆ ಹೋಲಿಸಿದರೆ ಮಿದುಳು ದೊಡ್ಡದು, ಮಿದುಳಿಗೆ ಸಕ್ಕರೆ ಬಿಡುವಿಲ್ಲದೆ ಬೇಕು. ಸಣ್ಣ ಮೈ ಬಿಸಿಯನ್ನೂ ಬೇಗ ಕಳೆದುಕೊಳ್ಳುವುದರಿಂದ ಚಳಿ ಹಿಡಿದರೆ ಇರುವ ಒಂದು ಹೊರೆಯೂ ಮೈ ಬೆಚ್ಚಗಿಡಲೆಂದೇ ಉರಿದುಹೋಗುತ್ತದೆ. ಇದನ್ನೇ ವೈದ್ಯರು ಹೈಪೊಗ್ಲೈಸೀಮಿಯಾ ಎನ್ನುತ್ತಾರೆ.

ಚಿವಾವಾ, ಪೊಮೇರಿಯನ್, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್, ಟಾಯ್ ಪೂಡಲ್, ಶಿಟ್ಜು ಮರಿಗಳಲ್ಲಿ ಇದು ಹೆಚ್ಚು. ಐದು ವಾರದಿಂದ ನಾಲ್ಕು ತಿಂಗಳವರೆಗಿನದು ಅಪಾಯದ ಕಾಲ. ಹಾಗೆಂದು ಇದು ದುಡ್ಡು ಕೊಟ್ಟು ತಂದ ತಳಿಗಳಿಗೆ ಮಾತ್ರ ಬರುವ ತೊಂದರೆಯಲ್ಲ. ಯಾವುದೇ ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲಾಗಿ ಹುಟ್ಟಿ ಮೊಲೆಗೆ ಜಾಗ ಸಿಗದೆ ಹೊರಗುಳಿಯುವ ಮರಿಗೂ, ಬಸ್ ನಿಲ್ದಾಣದ ಹಿಂದೆ ತಾಯಿಯಿಲ್ಲದೆ ನೆನೆಯುತ್ತಾ ಸಿಕ್ಕ ಊರನಾಯಿಯ ಮರಿಗೂ ಇದು ಬರುತ್ತದೆ. ಹೊಟ್ಟೆಹುಳು, ಭೇದಿ, ವಾಂತಿ, ಪ್ರಯಾಣದ ಆಯಾಸ, ಹೊಸ ಮನೆಯ ಗಾಬರಿ, ಮಕ್ಕಳ ಕೈಯಲ್ಲಿ ಎರಡು ಗಂಟೆ ಬಿಡುವಿಲ್ಲದ ಆಟ, ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ನಿದ್ದೆಯೋ, ಸಕ್ಕರೆ ಇಳಿದದ್ದೋ

ಎಳೆಯ ಮರಿಗಳು ದಿನದ ಬಹುಪಾಲು ಮಲಗಿಯೇ ಇರುತ್ತವೆ, ನಿದ್ದೆಯಲ್ಲಿ ಮೀಸೆ, ಕಾಲು ಅದುರಿಸುತ್ತವೆ. ಹಾಗಾಗಿ ಹೊಸಬರು ಎರಡು ರೀತಿ ತಪ್ಪುತ್ತಾರೆ: ಸುಮ್ಮನೆ ನಿದ್ದೆ ಮಾಡುವ ಮರಿಗೆ ಹೆದರುತ್ತಾರೆ, ಇಲ್ಲವೇ ಸಕ್ಕರೆ ಇಳಿದ ಮರಿಯನ್ನು ಪಾಪ, ಮಲಗಿದೆ ಎಂದು ಬಿಡುತ್ತಾರೆ. ಎರಡನೆಯ ತಪ್ಪಿಗೆ ಮರಿಯ ಜೀವವೇ ಹೋಗಬಹುದು.

ಅನುಮಾನ ಬಂದರೆ ಎಬ್ಬಿಸಿ. ಆರೋಗ್ಯವಾಗಿರುವ ಮರಿ ಒಂದೆರಡು ಕ್ಷಣದಲ್ಲಿ ಮೈಮುರಿದು ಎದ್ದು ಬೆರಳು ಚೀಪುತ್ತದೆ. ಅದರ ಹೊಟ್ಟೆ ಬೆಚ್ಚಗಿರುತ್ತದೆ, ವಸಡು ಗುಲಾಬಿ ಬಣ್ಣಕ್ಕಿದ್ದು ಒದ್ದೆಯಾಗಿರುತ್ತದೆ. ಸಕ್ಕರೆ ಇಳಿಯುತ್ತಿರುವ ಮರಿ ಎದ್ದರೂ ಎಲ್ಲೋ ನೋಡುತ್ತಾ ಕೂರುತ್ತದೆ. ನಡೆಸಿದರೆ ಹಿಂಭಾಗ ಓಲಾಡುತ್ತದೆ, ಕುಡಿದವರ ಹಾಗೆ ಹೆಜ್ಜೆ ತಪ್ಪುತ್ತದೆ. ತಲೆ ಒಂದು ಕಡೆಗೆ ವಾಲುತ್ತದೆ, ಮೈ ಸಣ್ಣಗೆ ನಡುಗುತ್ತದೆ. ತಟ್ಟೆ ಮುಂದಿಟ್ಟರೂ ಮೂಸುವುದಿಲ್ಲ. ಕಿವಿಯ ತುದಿ ಮತ್ತು ಪಾದ ತಣ್ಣಗಿರುತ್ತವೆ. ಇದು ಮೊದಲ ಹಂತ. ಇಲ್ಲಿ ಹಿಡಿದರೆ ಬಹುತೇಕ ಮರಿಗಳು ಸುಲಭವಾಗಿ ಚೇತರಿಸಿಕೊಳ್ಳುತ್ತವೆ. ಇದಾದ ಮೇಲೆ ಬರುವುದು ಸೆಳೆತ, ಕತ್ತು ಹಿಂದಕ್ಕೆ ಬಾಗುವುದು, ಪ್ರಜ್ಞೆ ತಪ್ಪುವುದು. ಸೆಳೆತ ಹೆಚ್ಚು ಹೊತ್ತು ನಿಂತರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು.

ಮರಿಯ ರಕ್ತದಲ್ಲಿ ಸಕ್ಕರೆ ಸಾಮಾನ್ಯವಾಗಿ ಒಂದು ಡೆಸಿಲೀಟರಿಗೆ 80ರಿಂದ 120 ಮಿಲಿಗ್ರಾಂ ಇರುತ್ತದೆ. 60ಕ್ಕಿಂತ ಕೆಳಗಿಳಿದರೆ ಕೊರತೆ ಎಂದೇ ಲೆಕ್ಕ, 40ರ ಆಸುಪಾಸಿಗೆ ಬಂದರೆ ಸೆಳೆತದ ಭಯ. ಮನೆಯಲ್ಲಿ ಹಿರಿಯರ ಶುಗರ್ ನೋಡುವ ಯಂತ್ರವಿದ್ದರೆ ಮರಿಯ ಕಿವಿಯಂಚಿನ ಒಂದು ಹನಿ ರಕ್ತದಲ್ಲಿ ನೋಡಬಹುದು, ಆದರೆ ಮನುಷ್ಯರಿಗಾಗಿ ಮಾಡಿದ ಯಂತ್ರಗಳು ನಾಯಿಗಳ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತವೆ. ಮರಿ ಓಲಾಡುತ್ತಿರುವಾಗ ಯಂತ್ರ ಹುಡುಕುತ್ತಾ ಕೂರಬೇಡಿ. ಅನುಮಾನದ ಮೇಲೆ ಒಂದಿಷ್ಟು ಗ್ಲೂಕೋಸ್ ಸವರಿದರೆ ಹಾನಿಯಿಲ್ಲ. ಸವರದೆ ಬಿಟ್ಟರೆ ಹಾನಿಯಿದೆ.

ಮೊದಲ ಹತ್ತು ನಿಮಿಷ

ಮೊದಲ ಕೆಲಸ ಸಿಹಿ. ಗ್ಲೂಕೋಸ್ ಪುಡಿ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದನ್ನು ಮೈ ಒಡೆಯಬೇಕಾಗಿಲ್ಲ, ಹಾಗೆಯೇ ಹೀರಿಕೊಳ್ಳುತ್ತದೆ. ಅದಿಲ್ಲದಿದ್ದರೆ ಜೇನುತುಪ್ಪ, ಜೋನಿ ಬೆಲ್ಲ, ಸಕ್ಕರೆಯ ಗಟ್ಟಿ ನೀರು, ಇವುಗಳಲ್ಲಿ ಯಾವುದು ಕೈಗೆ ಮೊದಲು ಸಿಗುತ್ತದೋ ಅದು. ಒಆರ್‌ಎಸ್ ಪೊಟ್ಟಣ ಈ ಕೆಲಸಕ್ಕೆ ಸಾಲದು. ಒಂದು ಲೀಟರ್ ಒಆರ್‌ಎಸ್ ನೀರಿನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಶುಗರ್ ಫ್ರೀ ಎಂದು ಬರೆದ ಸಿಹಿಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅಂಥವುಗಳಲ್ಲಿ ಕೆಲವಕ್ಕೆ ಬಳಸುವ ಕ್ಸೈಲಿಟಾಲ್ ನಾಯಿಗಳಲ್ಲಿ ಇನ್ಸುಲಿನ್ ಉಕ್ಕುವಂತೆ ಮಾಡಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸುತ್ತದೆ.

ಅರ್ಧ ಕೆ.ಜಿ. ತೂಕದ ಮರಿಗೆ ಒಂದು ಸಲಕ್ಕೆ ಸುಮಾರು ಅರ್ಧ ಮಿ.ಲೀ., ಅಂದರೆ ಹತ್ತು ಹನಿ ಸಾಕು. ಅದನ್ನೂ ಒಟ್ಟಿಗೆ ಬಿಡದೆ ಬೆರಳಿನಿಂದ ಮೇಲಿನ ವಸಡಿಗೆ, ಕೆನ್ನೆಯ ಒಳಭಾಗಕ್ಕೆ, ನಾಲಿಗೆಯ ಕೆಳಗೆ ಸ್ವಲ್ಪ ಸ್ವಲ್ಪವೇ ಸವರಿ. ತಲೆ ಮೈಗಿಂತ ತುಸು ಕೆಳಗಿರಲಿ, ಹೆಚ್ಚಾದದ್ದು ಹೊರಗೆ ಸೋರಲಿ. ಪ್ರಜ್ಞೆಯಿಲ್ಲದ ಮರಿಗೆ ನುಂಗಲು ಬರುವುದಿಲ್ಲ. ಬಾಯಿಗೆ ಸಿರಿಂಜಿನಲ್ಲೋ ಚಮಚದಲ್ಲೋ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಸಕ್ಕರೆಯ ಕೊರತೆಯಿಂದ ಉಳಿದ ಮರಿ ನ್ಯುಮೋನಿಯಾದಿಂದ ಸಾಯುವುದು ಹೀಗೆ. ಸೆಳೆತ ನಡೆಯುತ್ತಿದ್ದರೆ ಹಲ್ಲಿನ ನಡುವೆ ಬೆರಳು ಸಿಕ್ಕದ ಹಾಗೆ ತುಟಿಯ ಒಳಬದಿಗೆ, ಹಲ್ಲಿನ ಹೊರಗಿನಿಂದಲೇ ಸವರಿ. ಎಚ್ಚರವಿದ್ದು ನೆಕ್ಕುವ ಮರಿಯಾದರೆ ಚಿಂತೆ ಕಡಿಮೆ, ಬೆರಳಿನಿಂದ ಒಂದೆರಡು ಮಿ.ಲೀ. ನೆಕ್ಕಿಸಿ.

ಸಿಹಿ ಸವರುತ್ತಿರುವಾಗಲೇ ಇನ್ನೊಂದು ಕೈ ಬಿಸುಪಿನ ಕೆಲಸ ಮಾಡಲಿ. ಮೈ ಒದ್ದೆಯಿದ್ದರೆ ಟವೆಲ್ಲಿನಿಂದ ಒರೆಸಿ. ನಿಮ್ಮ ಅಂಗಿಯೊಳಗೆ ಎದೆಗೆ ತಾಗಿಸಿಕೊಂಡು ಮೇಲೆ ಕಂಬಳಿ ಹೊದೆಯಿರಿ. ನಮ್ಮ ಕಡೆ ಮೊದಲು ಹೊಳೆಯುವುದು ಬಚ್ಚಲ ಒಲೆಯ ಮುಂದೆ ಮಲಗಿಸುವುದು. ಅದು ಬೇಡ. ಚಳಿಯಲ್ಲಿ ಮರಗಟ್ಟಿದ ಮರಿಗೆ ಸುಟ್ಟರೂ ಸರಿಯಲು ತ್ರಾಣವಿರುವುದಿಲ್ಲ, ಹಸಿ ಸೌದೆಯ ಹೊಗೆ ಬೇರೆ. ಬಿಸಿ ನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಿಸುಪು ನಿಧಾನವಾಗಿ ಏರಬೇಕು, ತೀರಾ ತಣ್ಣಗಾಗಿದ್ದ ಮರಿಗೆ ಒಂದೆರಡು ಗಂಟೆ ಹಿಡಿದರೂ ಸರಿ.

ಐದರಿಂದ ಹದಿನೈದು ನಿಮಿಷದಲ್ಲಿ ಕಣ್ಣು ಹೊರಳಬೇಕು, ನಾಲಿಗೆ ಆಡಬೇಕು. ಆಡದಿದ್ದರೆ ಮತ್ತೆ ಸವರುತ್ತಾ ಹೊರಡಿ, ಮನೆಯಲ್ಲಿ ಕಾಯಬೇಡಿ.

ಎದ್ದ ಮೇಲೆ ಕೊಡುವ ತುತ್ತು

ನಾನು ತಪ್ಪಿದ್ದು ಇಲ್ಲಿ. ಮರಿ ತಲೆ ಎತ್ತಿ, ತಾನಾಗಿ ನುಂಗಲು ಶುರುಮಾಡಿ, ಮೈ ಬೆಚ್ಚಗಾಯಿತೆಂದ ಕೂಡಲೇ ಹೊಟ್ಟೆಗೆ ಬೀಳಬೇಕು. ಬೇಯಿಸಿದ ಕೋಳಿಯ ತುಣುಕನ್ನು ನುಣ್ಣಗೆ ಅರೆದು ಒಂದು ಟೀ ಚಮಚ, ಇಲ್ಲವೇ ಬೇಯಿಸಿದ ಮೊಟ್ಟೆಯ ಅರ್ಧ ಹಳದಿ, ಇಲ್ಲವೇ ಬಿಸಿ ನೀರಿನಲ್ಲಿ ನೆನೆಸಿ ಕಿವುಚಿದ ಮರಿಗಳ ಆಹಾರ. ಪ್ರೋಟೀನು, ಕೊಬ್ಬು ನಿಧಾನವಾಗಿ ಕರಗಿ ಸಕ್ಕರೆಯನ್ನು ಹಿಡಿದು ನಿಲ್ಲಿಸುತ್ತವೆ. ಬೆಲ್ಲ, ಗ್ಲೂಕೋಸ್ ಬಿಸ್ಕತ್ತುಗಳಿಂದ ಅದು ಆಗುವುದಿಲ್ಲ.

ಒಂದು ಎಚ್ಚರಿಕೆ ಇದೆ, ಅದನ್ನು ಮರೆಯಬಾರದು. ತಣ್ಣಗಿರುವ ಮರಿಗೆ ಉಣಿಸಬಾರದು. ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿದರೆ ಒಂದು ತಿಂಗಳು ದಾಟಿದ ಮರಿಯ ಬಿಸುಪು 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. 35ಕ್ಕಿಂತ ಕೆಳಗೆ ಹೋದರೆ ಕರುಳಿನ ಚಲನೆಯೇ ನಿಂತಂತಾಗುತ್ತದೆ. ಆಗ ಹಾಕಿದ ಊಟ ಹೊಟ್ಟೆಯಲ್ಲಿ ಕೊಳೆಯುತ್ತದೆ, ಇಲ್ಲವೇ ವಾಂತಿಯಾಗಿ ಶ್ವಾಸನಾಳ ಸೇರುತ್ತದೆ. ಮೊದಲು ವಸಡಿಗೆ ಸಿಹಿ, ಜೊತೆಗೆ ಬಿಸುಪು, ಆಮೇಲೆ ಊಟ; ಈ ಸಾಲು ಹಿಂದುಮುಂದಾಗಬಾರದು.

ದಾರಿಯಲ್ಲಿ, ಆಸ್ಪತ್ರೆಯಲ್ಲಿ

ಮರಿ ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ. ತಾಲ್ಲೂಕು ಪಶು ಆಸ್ಪತ್ರೆಗೆ ಸಣ್ಣ ನಾಯಿಯನ್ನು ಒಯ್ಯಲು ಹಿಂಜರಿಯುವವರನ್ನು ಕಂಡಿದ್ದೇನೆ, ಅಲ್ಲಿ ದನ ಎಮ್ಮೆ ಮಾತ್ರ ನೋಡುತ್ತಾರೆ ಎಂಬ ಭಾವನೆಯಿಂದ. ಕರು ಹಾಕಿದ ಹಸು, ರಕ್ತದ ಸಕ್ಕರೆ ಇಳಿಯುವ ಕೀಟೋಸಿಸ್ ರೋಗದಿಂದ ಸೊರಗಿದಾಗ ರಕ್ತನಾಳಕ್ಕೆ ಏರಿಸುವುದೂ ಡೆಕ್ಸ್ಟ್ರೋಸನ್ನೇ, ಅಂದರೆ ಗ್ಲೂಕೋಸನ್ನೇ. ಹಾಲಿನ ಹಸು ಸಾಕಿದ ಮಲೆನಾಡಿನ ಊರಿನ ಪಶುವೈದ್ಯರಿಗೆ ರಕ್ತದ ಸಕ್ಕರೆ ಇಳಿಯುವುದು ಹೊಸ ವಿಷಯವಲ್ಲ. ಶಿವಮೊಗ್ಗ ಹತ್ತಿರವಿರುವವರಿಗೆ ವಿನೋಬನಗರದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 1962 ಸಂಖ್ಯೆಯ ಪಶು ಸಹಾಯವಾಣಿಗೆ ಕರೆಮಾಡಿ ಕೇಳಿ.

ಆಗುಂಬೆಯ ಕಡೆಯಿಂದಲೋ ಹೊಸನಗರದ ಒಳ ಹಳ್ಳಿಯಿಂದಲೋ ಹೊರಟರೆ ಮಳೆಗಾಲದಲ್ಲಿ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳಲಾಗದು. ಮರ ಬಿದ್ದಿರಬಹುದು, ಹೊಳೆ ಏರಿರಬಹುದು. ಆದ್ದರಿಂದ ಕಲಸಿದ ಗ್ಲೂಕೋಸ್ ಒಂದು ಸಣ್ಣ ಬಾಟಲಿಯಲ್ಲಿ ಜೊತೆಗಿರಲಿ. ವಾಹನ ಓಡಿಸುವವರು ಒಬ್ಬರು, ಮರಿಯನ್ನು ಎದೆಗೆ ಹಿಡಿದು ವಸಡು ನೋಡುತ್ತಿರುವವರು ಇನ್ನೊಬ್ಬರು ಇರಬೇಕು. ಹೊರಡುವ ಮುಂಚೆ ಫೋನ್ ಮಾಡಿ ಮರಿಯ ತೂಕ, ವಯಸ್ಸು, ಕೊನೆಯ ಊಟದ ಹೊತ್ತು, ಎಷ್ಟು ಸಲ ಸಿಹಿ ಸವರಿದಿರಿ ಎಂಬುದನ್ನು ತಿಳಿಸಿ.

ಅಲ್ಲಿ ವೈದ್ಯರು ಡೆಕ್ಸ್ಟ್ರೋಸನ್ನು ತೆಳುಮಾಡಿ ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ, ಬೇಕಾದರೆ ಡ್ರಿಪ್ ಹಾಕಿ ಕೆಲವು ಗಂಟೆ ಇಟ್ಟುಕೊಳ್ಳುತ್ತಾರೆ. ಕೊಟ್ಟಿಗೆಯಲ್ಲಿ ಹಸುವಿಗೆ ತಂದ ಡೆಕ್ಸ್ಟ್ರೋಸ್ ಬಾಟಲಿ ಉಳಿದಿದ್ದರೂ ಅದನ್ನು ನೀವೇ ಮರಿಯ ಚರ್ಮದಡಿ ಚುಚ್ಚಬೇಡಿ. ಅಷ್ಟು ಗಟ್ಟಿ ದ್ರಾವಣದಿಂದ ಚರ್ಮ ಕೊಳೆತು ಉದುರುತ್ತದೆ.

ಒಂದು ಪ್ರಶ್ನೆಯನ್ನು ವೈದ್ಯರಿಗೆ ಕೇಳಿಯೇ ಬನ್ನಿ: ಸಕ್ಕರೆ ಇಳಿದದ್ದು ಬರೀ ಹಸಿವಿನಿಂದಲೋ, ಹಿಂದೆ ಬೇರೆ ರೋಗವಿದೆಯೋ? ವಾಂತಿಯ ಜೊತೆ ನಾತ ಹೊಡೆಯುವ ರಕ್ತಭೇದಿಯಿದ್ದರೆ ಪಾರ್ವೊ ಎಂಬ ವೈರಸ್ ರೋಗವಿರಬಹುದು. ಬಡಕಲು ಮೈಗೆ ಉಬ್ಬಿದ ಹೊಟ್ಟೆಯಿದ್ದರೆ ಹುಳು. ವಸಡು ಬಿಳಿಚಿದ್ದು ಮೈತುಂಬ ಚಿಗಟ, ಉಣುಗು ಇದ್ದರೆ ರಕ್ತಹೀನತೆ. ಊಟವಾದ ಮೇಲೆಯೇ ಮಂಕಾಗುವ ಮರಿಗೆ, ಅದರಲ್ಲೂ ಯಾರ್ಕ್‌ಶೈರ್ ಮತ್ತು ಮಾಲ್ಟೀಸ್ ತಳಿಗಳಲ್ಲಿ, ಕರುಳಿನ ರಕ್ತ ಯಕೃತ್ತನ್ನು ತಪ್ಪಿಸಿ ಹರಿಯುವ ಹುಟ್ಟುದೋಷ ಇರಬಹುದು. ಹೊತ್ತಿಗೆ ಸರಿಯಾಗಿ ಉಣ್ಣುವ ಮರಿ ಮತ್ತೆ ಮತ್ತೆ ಬೀಳುತ್ತಿದ್ದರೆ ಪರೀಕ್ಷೆ ಮಾಡಿಸಲೇಬೇಕು.

ಹಾಲು ಅನ್ನದ ಮಾತು

ನಾಯಿಗೆ ಹಾಲು ಅನ್ನ ಹಾಕುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು. ತೋಟ ಸುತ್ತಿ ಇಲಿ, ಏಡಿ ಹಿಡಿದು ತಿನ್ನುವ ಊರನಾಯಿಗೆ ಅದು ನಡೆದುಹೋಗುತ್ತದೆ. 500 ಗ್ರಾಂ ಮರಿಗೆ ನಡೆಯುವುದಿಲ್ಲ. ತಾಯಿನಾಯಿಯ ಹಾಲಿನಲ್ಲಿ ಪ್ರೋಟೀನು ಶೇ. 7ರಿಂದ 8, ಕೊಬ್ಬು ಶೇ. 9ರ ಸುತ್ತಮುತ್ತ. ಹಸುವಿನ ಹಾಲಿನಲ್ಲಿ ಪ್ರೋಟೀನು ಶೇ. 3ರಿಂದ 3.5, ಕೊಬ್ಬು ಶೇ. 4ರಷ್ಟು, ಆದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹೆಚ್ಚು. ಅದಕ್ಕೆ ನೀರು ಬೆರೆಸಿ ಅನ್ನ ಕಲಸಿದರೆ ಪುಟ್ಟ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಎರಡು ಗಂಟೆಯಲ್ಲಿ ಖಾಲಿಯಾಗುತ್ತದೆ. ಲ್ಯಾಕ್ಟೋಸ್ ಒಗ್ಗದೆ ಭೇದಿಯಾದರೆ ಇದ್ದದ್ದೂ ಹೋಯಿತು. ಚುಕ್ಕಿಗೆ ನಾವು ಪ್ರೀತಿಯಿಂದಲೇ ಅದನ್ನು ಕೊಟ್ಟಿದ್ದೆವು.

ಎಂಟು ವಾರದ ಮರಿಗೆ ಮುಖ್ಯ ಆಹಾರ ಸಣ್ಣ ತಳಿಯ ಮರಿಗಳಿಗೆಂದೇ ಮಾಡಿದ ಸಿದ್ಧ ಆಹಾರವಾಗಲಿ, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಿ. ಅದರ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ. ಅನ್ನ ಬೇಕಿದ್ದರೆ ಒಂದೆರಡು ಚಮಚ, ಹಾಲು ಇಲ್ಲದಿದ್ದರೂ ನಡೆಯುತ್ತದೆ. ಮಾಂಸ ಬೇಯಿಸದ ಮನೆಯವರು ಸಿದ್ಧ ಆಹಾರವನ್ನೇ ನೆಚ್ಚಿಕೊಳ್ಳಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾವತ್ತೂ ಬೇಡ.

ಊಟದ ಹೊತ್ತು ಪ್ರಮಾಣಕ್ಕಿಂತ ಮುಖ್ಯ. ನಮ್ಮ ಮನೆಯಲ್ಲಿ ಗೋಡೆಗೆ ಅಂಟಿಸಿದ್ದ ಪಟ್ಟಿ ಹೀಗಿತ್ತು: ಬೆಳಗ್ಗೆ 6, 9.30, ಮಧ್ಯಾಹ್ನ 1, ಸಂಜೆ 4.30, ರಾತ್ರಿ 8, ಮಲಗುವ ಮುಂಚೆ 11. ಒಮ್ಮೆ ಸಕ್ಕರೆ ಇಳಿದ ಮರಿಗೆ ಮೊದಲ ಮೂರು ದಿನ ಎರಡರಿಂದ ಮೂರು ಗಂಟೆಗೊಮ್ಮೆ, ಆಮೇಲೆ ಕೆಲವು ವಾರ ನಡುರಾತ್ರಿ 2.30ಕ್ಕೊಂದು ತುತ್ತು. ನಾವು ಹಗಲಿನಲ್ಲಿ ಮರಿಯ ಹಿಂದೆ ಮುಂದೆ ಓಡಾಡುತ್ತೇವೆ, ಆದರೆ ಕೆಟ್ಟದ್ದು ನಡೆಯುವುದು ರಾತ್ರಿ ಎಂಟರಿಂದ ಬೆಳಗಿನ ಐದರ ನಡುವೆ, ಯಾರೂ ನೋಡದ ಹೊತ್ತಿನಲ್ಲಿ. ಹೊಟ್ಟೆ ಖಾಲಿ, ಚಳಿ ಹೆಚ್ಚು, ಮನೆಯೆಲ್ಲ ನಿದ್ದೆಯಲ್ಲಿ. ಮೊಬೈಲಿನಲ್ಲಿ ಅಲಾರಾಂ ಇಟ್ಟು ಏಳುವುದು ಕಷ್ಟವೇ ಸರಿ, ಆದರೆ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರೆಂದರೆ ಅದು ಇದೇ ಆಗಲಿ ಎಂದು ಬೇಡಿಕೊಳ್ಳುತ್ತೇನೆ.

ತೂಕವನ್ನು ದಿನವೂ ಒಂದೇ ಹೊತ್ತಿಗೆ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ ಪುಸ್ತಕದಲ್ಲಿ ಬರೆಯಿರಿ. ಒಂದು ದಿನ ಏರದಿದ್ದರೆ ಕಣ್ಣಿಡಿ. ಇಳಿದರೆ ವೈದ್ಯರಿಗೆ ಫೋನ್ ಮಾಡಿ. ಮರಿ ಮಂಕಾಗುವ ಮುಂಚೆಯೇ ತಕ್ಕಡಿ ಹೇಳುತ್ತದೆ.

ಮಳೆಗಾಲದ ಪೆಟ್ಟಿಗೆ

ರಟ್ಟಿನ ಪೆಟ್ಟಿಗೆಯನ್ನು ನೆಲಕ್ಕೆ ತಾಗದ ಹಾಗೆ ಮಣೆಯ ಮೇಲಿಡಿ. ಆಷಾಢದಲ್ಲಿ ನಮ್ಮ ನೆಲಗಳು ಬೆವರುತ್ತವೆ. ತಳಕ್ಕೆ ಗೋಣಿಚೀಲ, ಮೇಲೆ ಒಣಗಿದ ಹಳೆಯ ಕಂಬಳಿ. ಬಟ್ಟೆ ಸುತ್ತಿದ ಬಿಸಿ ನೀರಿನ ಬಾಟಲಿ ಒಂದೇ ಬದಿಗಿರಲಿ, ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಬೇಕು. ವಿದ್ಯುತ್ ಇರುವುದನ್ನು ನಂಬಿ ಬಲ್ಬ್ ಮಾತ್ರ ಇಟ್ಟುಕೊಳ್ಳಬೇಡಿ. ಗಾಳಿಮಳೆಗೆ ಎರಡು ದಿನ ಕರೆಂಟು ಹೋಗುವುದು ನಮಗೆ ಹೊಸದಲ್ಲ. ರಾತ್ರಿ ತುತ್ತು ಕೊಡಲು ಎದ್ದಾಗಲೇ ಬಾಟಲಿಯ ನೀರು ಬದಲಿಸಿದರೆ ಎರಡೂ ಕೆಲಸ ಆಗುತ್ತದೆ. ಮಳೆಯಲ್ಲಿ ಮೂತ್ರಕ್ಕೆಂದು ಅಂಗಳಕ್ಕೆ ಬಿಡದೆ ಜಗುಲಿಯ ಮೂಲೆಯಲ್ಲಿ ಹಳೆಯ ಪತ್ರಿಕೆ ಹಾಸಿ.

ಮನೆಗೆ ತರುವ ಮುಂಚೆ

ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಮೂವತ್ತೈದು, ನಲವತ್ತು ದಿನದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿ ಕಳುಹಿಸುವುದು ಹಾಗಿದ್ದರೂ ನಿಂತಿಲ್ಲ. ಅಷ್ಟು ಚಿಕ್ಕದಾದರೆ ಮುದ್ದಾಗಿರುತ್ತದೆ ಎಂದು ಕೊಳ್ಳುವವರೂ ಇದ್ದಾರೆ, ದಯವಿಟ್ಟು ಕೊಳ್ಳಬೇಡಿ. ನೀವೇ ಹೋಗಿ, ತಾಯಿಯ ಜೊತೆ ಮರಿಯನ್ನು ನೋಡಿ, ತಾನಾಗಿ ತಿನ್ನುವುದನ್ನು ಕಣ್ಣಾರೆ ಕಂಡು, ಅಲ್ಲಿ ಕೊಡುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ತನ್ನಿ. ಹೊರಡುವ ಎರಡು ಗಂಟೆ ಮುಂಚೆ ಉಣಿಸಿ, ದಾರಿಯಲ್ಲಿ ಮೂರು ಗಂಟೆಗೊಮ್ಮೆ ನಿಲ್ಲಿಸಿ ಸ್ವಲ್ಪ ಕೊಡಿ. ತಿರುವುಗಳಲ್ಲಿ ವಾಂತಿ ಮಾಡಿಕೊಂಡರೆ ಹೊಟ್ಟೆ ಖಾಲಿಯಾಯಿತೆಂದು ತಿಳಿದು, ಸುಧಾರಿಸಿಕೊಂಡ ಮೇಲೆ ಮತ್ತೆ ಉಣಿಸಿ. ಮನೆಗೆ ಬಂದ ಮೊದಲ ಎರಡು ದಿನ ನೆಂಟರಿಷ್ಟರ ಕೈಯಿಂದ ಕೈಗೆ ಹೋಗದಿರಲಿ. ಇಪ್ಪತ್ತು ನಿಮಿಷ ಆಟ, ತುತ್ತು, ನಿದ್ದೆ, ಅಷ್ಟೇ.

ಜಂತುಹುಳದ ಔಷಧಿಯನ್ನು ಎರಡು ವಾರದ ವಯಸ್ಸಿನಿಂದ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಬೇಕು. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಬರುತ್ತದೆ, ಕೊಕ್ಕೆಹುಳು ಹಾಲಿನ ಮೂಲಕ. ಮನೆಯೊಳಗೇ ಹುಟ್ಟಿದೆ ಎಂಬ ಕಾರಣಕ್ಕೆ ಬಿಡುವ ಹಾಗಿಲ್ಲ. ಪ್ರಮಾಣವನ್ನು ಆ ದಿನದ ತೂಕದ ಮೇಲೆ ವೈದ್ಯರೇ ಹೇಳಲಿ.

ತಾಯಿಯಿಲ್ಲದ, ಕಣ್ಣು ಬಿಡದ ಮರಿ ಸಿಕ್ಕರೆ ಅದರ ದಾರಿಯೇ ಬೇರೆ. ಎರಡು ಗಂಟೆಗೊಮ್ಮೆ ಮರಿಗಳ ಹಾಲಿನ ಪುಡಿ ಕಲಸಿ, ಮನುಷ್ಯರ ಕೂಸಿನಂತೆ ಅಂಗಾತ ಹಿಡಿಯದೆ ಹೊಟ್ಟೆಯಡಿಯಾಗಿ ಮಲಗಿಸಿ ಕುಡಿಸಬೇಕು. ಪ್ರತಿ ಸಲವೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಒರೆಸಿ ಮೂತ್ರ ಮಾಡಿಸಬೇಕು. ಮೊದಲ ವಾರ ಪೆಟ್ಟಿಗೆಯೊಳಗೆ 29ರಿಂದ 32 ಡಿಗ್ರಿ ಬಿಸುಪು ಬೇಕು. ಅಂಥ ಮರಿಯನ್ನು ಮೊದಲ ದಿನವೇ ವೈದ್ಯರಿಗೆ ತೋರಿಸಿ. ಹತ್ತಿರದಲ್ಲಿ ಹಾಲೂಡಿಸುತ್ತಿರುವ ಬೇರೆ ನಾಯಿಯಿದ್ದರೆ, ಅದು ಒಪ್ಪಿದರೆ, ನಮ್ಮ ಯಾವ ಬಾಟಲಿಗಿಂತಲೂ ಅದು ಮೇಲು.

ರಾತ್ರಿಯ ತುತ್ತನ್ನು ಬಿಡಿಸುವುದು

ಮೂರು ತಿಂಗಳು ತುಂಬಿ, ಎರಡು ವಾರ ಒಂದು ದಿನವೂ ಓಲಾಡದೆ, ತೂಕ ಏರುತ್ತಲೇ ಇದ್ದರೆ 2.30ರ ಊಟ ನಿಲ್ಲಿಸಲು ನೋಡಬಹುದು. ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ಅದನ್ನು 3.30ಕ್ಕೆ ತನ್ನಿ, ನಾಲ್ಕು ದಿನ ಬಿಟ್ಟು 4.30ಕ್ಕೆ. ಹನ್ನೊಂದರ ಊಟದಲ್ಲಿ ಮೊಟ್ಟೆಯೋ ಕೋಳಿಯೋ ತುಸು ಹೆಚ್ಚಿರಲಿ. ಬೆಳಗ್ಗೆ ಎಬ್ಬಿಸಿದಾಗ ಮರಿ ತಟ್ಟೆಯ ಕಡೆಗೆ ನೆಟ್ಟಗೆ ನಡೆದು ಬರುತ್ತದೆಯೇ, ಕಿವಿಯ ತುದಿ ಬೆಚ್ಚಗಿದೆಯೇ ನೋಡಿ. ಬಂದರೆ ಮುಂದಿನ ವಾರ ಆ ಊಟವನ್ನು ಬೆಳಗಿನ ಆರರದರ ಜೊತೆ ಸೇರಿಸಿ. ಹೆಜ್ಜೆ ತಡವರಿಸಿದರೆ ಬೆರಳಿಗೆ ಗ್ಲೂಕೋಸ್ ತೆಗೆದುಕೊಳ್ಳಿ, ಉಣಿಸಿ, ವೈದ್ಯರಿಗೆ ತಿಳಿಸಿ, ಅಲಾರಾಮನ್ನು ಮತ್ತೆ 2.30ಕ್ಕೆ ಇಡಿ. ಚುಕ್ಕಿಯ ಅಲಾರಾಮನ್ನು ನಾವು ತೆಗೆದದ್ದು ಅದರ ಪುಸ್ತಕದಲ್ಲಿ 1 ಕೆ.ಜಿ. 310 ಗ್ರಾಂ ಎಂದು ಬರೆದ ದಿನ. ಗ್ಲೂಕೋಸ್ ಡಬ್ಬಿ ಮತ್ತು ಒಂದು ಚಮಚ ಮಾತ್ರ ಅದರ ಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ಇನ್ನೂ ಎರಡು ತಿಂಗಳು ಹಾಗೆಯೇ ಇದ್ದವು.